ಎರಡು ತಗಡು

ಗುರುವಾರ ಮಧ್ಯಾಹ್ನ ಲೀಗಿನ ಹುಡುಗ ಬಂದ,
ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಅರ್ಧ ಕುಡಿದ ಎಳನೀರು.
"ಆಚಾರ್ರೇ, ಎರಡೂ ಹೆಸರು ಕೆತ್ತಿಟ್ಟುಬಿಡಿ.
ಶನಿವಾರ ರಾತ್ರಿ ಬೇಕಾಗೋದು ಒಂದೇ."

ನಗರ್ತಪೇಟೆಯ ನಮ್ಮ ಗಲ್ಲಿಗೆ
ದಿನಕ್ಕೆ ನಲವತ್ತು ನಿಮಿಷ ಬಿಸಿಲು.
ಒಂದು ಫುಟ್ಸಾಲ್ ಪಂದ್ಯದಷ್ಟು, ಅಂದ ಅವನು,
ಅರ್ಧಕ್ಕೆ ಇಪ್ಪತ್ತು. ಚೆಂಡು ಗೆರೆ ದಾಟಿದರೆ
ಗಡಿಯಾರವನ್ನೂ ನಿಲ್ಲಿಸ್ತಾರೆ.
ನನ್ನ ಬಿಸಿಲಿಗೆ ಆ ನಿಯಮ ಇಲ್ಲ ಕಣಪ್ಪ, ಅಂದೆ,
ಉಳಿ ಎತ್ತಿಕೊಂಡೆ.

ಬೆರಳುದ್ದ ಹಿತ್ತಾಳೆ, ಎರಡು.
ಹಲಸೂರು ಫೈವ್ಸ್, ಚಾಂಪಿಯನ್ಸ್.
ಮಡಗಾಂವ್ ಮರೀನರ್ಸ್, ಚಾಂಪಿಯನ್ಸ್.
ಇಂಗ್ಲಿಷಲ್ಲಿ ಸಾಕು ಅಂದಿದ್ದ. ಸಾಕಾಗಲಿಲ್ಲ ನನಗೆ.
ಹಲಸೂರಿನದರ ಅಡಿಯಲ್ಲಿ ಕನ್ನಡದಲ್ಲೂ ಕೆತ್ತಿದೆ,
ರಾಗಿಕಾಳಿನಷ್ಟು ಸಣ್ಣಕ್ಕೆ, ಕೂಲಿ ಹಿಡಿಯದೆ.
ಯಾರೂ ಕಾಣಲಾರರು. ಕಂಡರೆ ಕಾಣಲಿ.

ಬಟ್ಟಲಿನ ಪೀಠ ಬಿಚ್ಚಿ ಒರೆಸಿದೆ.
ಮೊದಲ ವರ್ಷ ಐಜ್ವಾಲ್, ಆಮೇಲೆ ಕೊಲ್ಹಾಪುರ,
ಮತ್ತೆ ಐಜ್ವಾಲ್, ಎರಡನೇ 'ಎ' ಕೊಂಚ ವಾಲಿದೆ,
ಆ ವಾರ ನನಗೆ ಚಿಕೂನ್‌ಗುನ್ಯ.
ದೇಶದ ನಾಲ್ಕು ಮೂಲೆಯಿಂದ ಬಂದು ಗೆದ್ದರು,
ಕೈಬರಹ ಮಾತ್ರ ಈ ಗಲ್ಲಿಯದು.

ಶನಿವಾರ ಕೋರಮಂಗಲದ ಒಳಾಂಗಣ.
ಎಡಜೇಬಿನಲ್ಲಿ ಹಲಸೂರು, ಬಲಜೇಬಿನಲ್ಲಿ ಮಡಗಾಂವ್,
ಕಿವಿಯ ಮೇಲೆ ಸಣ್ಣ ಸ್ಕ್ರೂಡ್ರೈವರ್.
ಗಡಿಯಾರದವನ ಮಗ್ಗುಲಿಗೇ ಕುರ್ಚಿ ಹಾಕಿಕೊಟ್ಟರು.
ಇಡೀ ಸಭಾಂಗಣದಲ್ಲಿ ಎರಡೂ ಕಡೆ ಗೆದ್ದಿದ್ದವನು
ನಾನೊಬ್ಬನೇ.

ಮರದ ನೆಲ. ಷೂ ಕಿರುಚಿದರೆ
ಹಿತ್ತಾಳೆ ಮೇಲೆ ನನ್ನ ಅರ ಜಾರಿದ ಸದ್ದು.
ಆ ಚೆಂಡು ಪುಟಿಯುವ ಜಾತಿಯದಲ್ಲ;
ಮದುವೆಮನೆಯಲ್ಲಿ ಕೂಸನ್ನು ಕೈಯಿಂದ ಕೈಗೆ ದಾಟಿಸಿದಂತೆ
ಕಾಲಿನಿಂದ ಕಾಲಿಗೆ, ಅಳದ ಹಾಗೆ.
ಐದೇ ಜನ. ಬೇಸತ್ತವನು ಹೊರಗೆ, ಬೆವರು ಆರಿದವನು ಒಳಗೆ,
ಕೇಳುವವರಿಲ್ಲ, ಬಿಎಂಟಿಸಿ ಬಸ್ಸಿನ ಬಾಗಿಲಿನಂತೆ.
ಮಧ್ಯೆ ಮಧ್ಯೆ ಒಬ್ಬಾಕೆ ಬಂದು
ನೆಲದ ಮೇಲೆ ಬಿದ್ದವನ ಆಕಾರದ ಬೆವರನ್ನು
ಒರೆಸಿ ಹೋಗುತ್ತಿದ್ದಳು.

ನಾಲ್ಕು ಮೂರು, ಮಡಗಾಂವ್ ಮುಂದೆ.
ಎರಡು ನಿಮಿಷ ಉಳಿದಿದೆ ಎನ್ನುವಾಗ
ಹಲಸೂರಿನ ಗೋಲಿ ಅರುಳ್‌ದಾಸ್,
ಬಜಾರ್ ಬೀದಿಯಲ್ಲಿ ಗ್ಯಾಸ್ ಒಲೆ ರಿಪೇರಿ ಮಾಡುವವನ ಮಗ,
ತನ್ನ ಬಾಗಿಲು ತೆರೆದೇ ಇಟ್ಟು ದಾಳಿಗೆ ಹೊರಟ.
ಹಾಗೆ ಮಾಡಬಹುದಂತೆ. ಮಾಡಲೇಬೇಕಂತೆ ಕೆಲವು ಸಲ.
ನನ್ನ ಕೈ ತಾನಾಗಿ ಎಡಜೇಬು ಮುಟ್ಟಿತು.

ಒಂದು ಸಲ ಕಂಬಕ್ಕೆ ಬಡಿಯಿತು.
ಟಣ್ ಅಂದದ್ದು ಕಬ್ಬಿಣ; ಕಿವಿಗೆ ಹೊಸದೇನಲ್ಲ,
ಆದರೂ ಹೊಟ್ಟೆಯೊಳಗೆ ಕೇಳಿತು.
ಮರಳಿ ಬಂದ ಚೆಂಡನ್ನು ಮಡಗಾಂವಿನ ಯಾರೋ
ಸುಮ್ಮನೆ ತಳ್ಳಿದ, ಇಷ್ಟೇ ಇಷ್ಟು.
ಉರುಳಿತು. ಅವಸರವೇ ಇಲ್ಲ ಅದಕ್ಕೆ.
ಹಿಂದೆ ಓಡುತ್ತಿದ್ದಾನೆ ಅರುಳ್‌ದಾಸ್,
ಇಬ್ಬರ ನಡುವೆ ಒಂದು ಚಾಪೆ ಹಾಸುವಷ್ಟು ಜಾಗ,
ಆ ಚಾಪೆ ಸುತ್ತಿಕೊಳ್ಳಲೇ ಇಲ್ಲ.

ಗಡಿಯಾರದವನು ಗುಂಡಿ ಒತ್ತಿ ನಿಲ್ಲಿಸಿದ.

ಬಲಜೇಬಿನದನ್ನು ತೆಗೆದು ನಾಲ್ಕು ಮೊಳೆ ಬಿಗಿದೆ.
ಬಟ್ಟಲು ಬೆಳಕಿಗೆ ಹೋಯಿತು. ನಾನು ಬಸ್ಸಿಗೆ.

ಸೋತ ತಗಡಿಗೆ ನಮ್ಮಲ್ಲಿ ಒಂದು ದಾರಿಯಿದೆ.
ಕೆತ್ತಿದ್ದನ್ನು ಉಜ್ಜಿ ಅಳಿಸಲಾಗದು, ಹಿತ್ತಾಳೆ ಸವೆಯುತ್ತದೆ ಅಷ್ಟೇ;
ಮಗುಚಿ ಹಾಕಿ ಬೆನ್ನ ಮೇಲೆ ಬೇರೆ ಹೆಸರು ಕೆತ್ತುತ್ತೇವೆ.
ಹಾಗಾಗಿ ಹನುಮಂತನಗರದ ದಂತವೈದ್ಯರ ಬಾಗಿಲಲ್ಲಿ,
ಫ್ರೇಜರ್ ಟೌನಿನ ಟೈಪಿಂಗ್ ಟೀಚರ ಗೇಟಿನಲ್ಲಿ,
ಗೋಡೆಗೆ ಮುಖ ಮಾಡಿಕೊಂಡು
ಯಾರೋ ಚಾಂಪಿಯನ್ನರಿದ್ದಾರೆ.
ನಾನು ಹೇಳಲು ಹೋಗುವುದಿಲ್ಲ.

ಸೋಮವಾರ ಗಿರಿನಗರದಿಂದ ಒಬ್ಬರು ಬಂದಿದ್ದರು,
ಬೆರಳುದ್ದ ಸಾಕು, ಮಗಳ ಹೆಸರು, ಅಡ್ವೊಕೇಟ್.
ತಗಡು ಮೇಜಿನ ಮೇಲೇ ಇತ್ತು, ಬೆನ್ನು ಮೇಲಾಗಿ.
ಅದರ ಮೇಲೆ ಟೀ ಲೋಟ ಇಟ್ಟು
ಹಿತ್ತಾಳೆ ಮುಗಿದಿದೆ ಸಾರ್, ಅಂದೆ,
ಬರುವ ವಾರ ಬನ್ನಿ.